ನೆರಳಿನ ಕಥೆಯ ಎರಡನೆಯ ಭಾಗ

ನಮ್ಮ ಜಿಲ್ಲೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲ. ಗೋಕಾಕ ಫಾಲ್ಸಿನ ಗಿರಣಿ ಚಾಳದಲ್ಲಿ ನಮ್ಮ ಮನೆಯ ಗೋಡೆಗೆ ಹತ್ತಿಕೊಂಡೇ ನನ್ನ ಗೆಳತಿಯ ಮನೆ. ಅವಳ ಅಪ್ಪ, ನನ್ನ ಅಪ್ಪ ಇಬ್ಬರೂ ಗಿರಣಿಯ ಕೆಲಸಗಾರರು. ಅವಳ ಅಣ್ಣ ಧಾರವಾಡದಲ್ಲಿ ಓದುತ್ತಿದ್ದ. ಒಂದು ಬೇಸಿಗೆ ರಜೆಗೆ ಬರುವಾಗ ತಂಗಿಗೆಂದು ಒಂದು ಕಾದಂಬರಿ ತಂದ. ಅದು ದೊಡ್ಡವರ ಕಾದಂಬರಿಯೂ ಅಲ್ಲ, ಸಣ್ಣ ಮಕ್ಕಳ ಕಥೆಯೂ ಅಲ್ಲ. ನಮ್ಮ ವಯಸ್ಸಿನ ಹುಡುಗಿಯರಿಗೆಂದೇ ಯಾರೋ ಬರೆದ ಹಾಗಿತ್ತು.

ಕುರಿ ಕಾಯುವವರ ಮಗಳೊಬ್ಬಳ ಕಥೆ ಅದು. ಗುಡ್ಡದೊಳಗಿರುವ ಮಾಂತ್ರಿಕ ಅರಸ ಊರ ಜನರ ನೆರಳುಗಳನ್ನು ಕದ್ದೊಯ್ಯುತ್ತಾನೆ. ನೆರಳು ಹೋದವರಿಗೆ ಎಲ್ಲ ಮರೆತುಹೋಗುತ್ತದೆ, ತಮ್ಮ ಹೆಸರು ಕೂಡ. ಹೆತ್ತ ತಾಯಿಯೇ ಮಗಳನ್ನು ನೀನು ಯಾರೆಂದು ಕೇಳುತ್ತಾಳೆ. ಆ ಹುಡುಗಿ ಮಾತಾಡುವ ಕುರುಡು ಹದ್ದೊಂದನ್ನು ಜೊತೆ ಮಾಡಿಕೊಂಡು, ನೆರಳುಗಳನ್ನು ಬಿಡಿಸಿ ತರಲು ಗುಡ್ಡದೊಳಕ್ಕೆ ಇಳಿಯುತ್ತಾಳೆ. ಕೊನೆಯ ಪುಟದಲ್ಲಿ ಒಂದು ಕಬ್ಬಿಣದ ಬಾಗಿಲು. ಅವಳು ತನ್ನ ನೆರಳನ್ನೇ ಕೊಟ್ಟರೆ ಮಾತ್ರ ಅದು ತೆರೆಯುತ್ತದೆ. ಅವಳು ಬಾಗಿಲಿಗೆ ಕೈ ಹಚ್ಚುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಉಳಿದದ್ದು ಎರಡನೆಯ ಭಾಗದಲ್ಲಿ ಎಂದು ಅಚ್ಚು ಹಾಕಿದ್ದರು.

ನಾವಿಬ್ಬರೂ ಆ ಬಾಗಿಲ ಮುಂದೆಯೇ ಒಂದು ವರ್ಷ ಕಳೆದೆವು ಎನ್ನಬೇಕು. ಬಟ್ಟೆ ಒಗೆಯುವಾಗ, ನೀರು ತರುವಾಗ ಅದೇ ಮಾತು.

"ನೆರಳ ಕೊಟ್ಟ ಬಿಡತಾಳ ನೋಡು," ಎನ್ನುತ್ತಿದ್ದಳು ಗೆಳತಿ.

"ಕೊಟ್ರ ಅಕಿಗೂ ಎಲ್ಲಾ ಮರ್ತ ಹೋಗತೈತಿ. ಆಮ್ಯಾಲ ಯಾರನ್ನ ಬಿಡಿಸ್ಯಾಳು?"

ಒಂದು ದಿನ ಅವಳು ಹಿಂಡುತ್ತಿದ್ದ ಸೀರೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು. "ಏ, ಹದ್ದು ಐತೆಲ್ಲ! ಒಳಗ ಹೋಗೂಕಿಂತ ಮೊದಲ ತನ್ನ ಹೆಸರು, ತಾ ಯಾಕ ಬಂದೇನಿ ಅನ್ನೂದು ಎಲ್ಲಾ ಅದಕ್ಕ ಹೇಳಿಟ್ಟ ಹೋಗತಾಳ. ಅದು ಒಳಗ ಅಕಿ ಕಿವ್ಯಾಗ ಹೇಳಕೋಂತ ಇರತೈತಿ."

ನನಗೆ ಮೈ ಜುಮ್ಮೆಂದಿತು. ಇದಕ್ಕಿಂತ ಒಳ್ಳೆಯ ದಾರಿ ಆ ಲೇಖಕನಿಗೂ ಹೊಳೆದಿರಲಾರದು ಎಂದುಕೊಂಡೆ.

ಎರಡನೆಯ ಭಾಗ ನಮಗೆ ಸಿಗುವುದರೊಳಗೆ ಗೆಳತಿಯನ್ನು ಮೂಡಲಗಿಗೆ ಮದುವೆ ಮಾಡಿ ಕೊಟ್ಟರು. ಹೋಗುವಾಗ ನನ್ನ ಕೈ ಹಿಡಿದು, "ಸಿಕ್ರ ನನಗೂ ತಗೊಂಡ ಬಾ," ಎಂದಳು.

ಸಿಕ್ಕಿದ್ದು ಹುಕ್ಕೇರಿಯಲ್ಲಿ. ನಮ್ಮ ಕಾಕಾ ಅಲ್ಲಿ ಕಚೇರಿಯ ಗುಮಾಸ್ತರು, ಊರಿನ ವಾಚನಾಲಯದ ಸದಸ್ಯರು. ದೀಪಾವಳಿ ರಜೆಗೆ ಅವರ ಮನೆಗೆ ಹೋದಾಗ ಕೇಳಿದೆ. ವಾಚನಾಲಯದಲ್ಲಿ ಪುಸ್ತಕ ಇತ್ತು, ಆದರೆ ಯಮಕನಮರಡಿಯ ಒಬ್ಬ ಕಿರಾಣಿ ಅಂಗಡಿಯವರು ಒಯ್ದು ಬಹಳ ದಿನವಾಗಿತ್ತು. ಸಂತೆಗೆ ಬಂದಾಗ ತರುತ್ತಾರೆ ಎಂದರು ಕಾಕಾ. ಸಂತೆಯಾಯಿತು, ಅವರು ಬಂದರು, ಪುಸ್ತಕ ಬರಲಿಲ್ಲ. ನನ್ನ ಮೋರೆ ನೋಡಲಾರದೆ ಕಾಕಾ ಮರುದಿನ ನನ್ನನ್ನೇ ಬಸ್ಸಿನಲ್ಲಿ ಯಮಕನಮರಡಿಗೆ ಕರೆದುಕೊಂಡು ಹೊರಟರು.

ಅಂಗಡಿಯವರು, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದು ಚಹಾ ತರಿಸಿದರು. ಪುಸ್ತಕದ ಮಾತು ತೆಗೆದಾಗ ಒಳಮನೆಯ ಕಡೆ ಕೈ ತೋರಿಸಿದರು. "ಅದು ನಮ್ಮವ್ವನ ಕಡೆ ಐತ್ರಿ. ನೀವ ಕೇಳ್ರಿ."

ಅವರ ಅವ್ವ ಹೊರಸಿನ ಮೇಲೆ ಕೂತಿದ್ದ ಮುದುಕಿ. ಪುಸ್ತಕ ತಲೆದಿಂಬಿನ ಕೆಳಗಿತ್ತು. ಆಕೆಗೆ ಓದು ಬರದು. ಸೊಸೆ ದಿನಾ ಮಧ್ಯಾಹ್ನ ಓದಿ ಹೇಳುತ್ತಿದ್ದಳಂತೆ.

"ಕಡೀ ಪಾಠ ಉಳದೈತಿ. ಸೊಸಿ ತವರಿಗಿ ಹೋಗ್ಯಾಳ. ಕಥಿ ಮುಗೀಲಾರದ ಹೆಂಗ ಕೊಡಲಿ?"

"ಆಯಿ, ನಾ ಓದಿ ವಾಪಸ್ ತಂದ ಕೊಡ್ತೇನ್ರಿ," ಎಂದೆ.

"ನಿನಗ ಓದಾಕ ಬರತೈತೇನವ್ವ? ಹಂಗಾರ ಕುಂದ್ರು. ಕಡೀ ಪಾಠ ಓದಿ ಹೇಳು, ಪುಸ್ತಕ ಒಯ್ಯಿ."

ನಾನು ಕಾಕಾನ ಮುಖ ನೋಡಿದೆ. "ಕಾಕಾ, ನಾ ಇನ್ನಾ ಮೊದಲಿಂದಽ ಓದಿಲ್ರಿ."

"ಅದಕ್ಕೇನಾತು? ಈಗ ಕಡೀದ ಓದು, ಮನಿಗಿ ಹೋಗಿ ಮೊದಲಿಂದ ಓದು. ಲಗೂ ಮುಗಸು, ಬಸ್ಸಿನ ಹೊತ್ತಾತು."

ಇಷ್ಟು ಕಾಲ ಕಾದ ಕಥೆಯ ಕೊನೆಯನ್ನು ನಾನು ಹಾಗೆ ತಿಳಿದುಕೊಳ್ಳಬೇಕಾಯಿತು. ಅರ್ಥ ತಲೆಗೆ ಹೋಗದಂತೆ ಬರೀ ಅಕ್ಷರ ಓದೋಣವೆಂದು ನೋಡಿದೆ. ಹಾಗೆ ಓದಲು ಯಾರಿಗೆ ಸಾಧ್ಯ? ಕೊನೆಯ ಪಾಠದಲ್ಲಿ ಒಂದು ಮದುವೆ ನಡೆದಿತ್ತು. ಮದುಮಗಳು ನಮ್ಮ ಹುಡುಗಿ. ಮದುಮಗ ಯಾವನೋ ರಾಜಕುಮಾರ. ಮೊದಲನೆಯ ಭಾಗದಲ್ಲಿ ಅವನ ಸುಳಿವೇ ಇರಲಿಲ್ಲ. ಪುಟಗಟ್ಟಲೆ ಒಡವೆಗಳ ವರ್ಣನೆ. ಹಿಂದೆಯೇ, ಹೆಣ್ಣುಮಕ್ಕಳು ಅತ್ತೆಮನೆಯಲ್ಲಿ ಹೇಗಿರಬೇಕು ಎಂದು ರಾಜಗುರುವಿನ ಉಪದೇಶ. ನನ್ನ ದನಿ ಸಣ್ಣದಾಗುತ್ತ ಹೋಯಿತು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಜೋರಾಗಿ ಓದ ನನ್ನವ್ವ. ಆ ಮದಿವಿದು ಇನ್ನೊಮ್ಮಿ ಓದು," ಎಂದಳು. ಇನ್ನೊಮ್ಮೆ ಓದಿದೆ.

ಆದರೂ ಆಸೆ ಬಿಟ್ಟಿರಲಿಲ್ಲ. ಕೊನೆ ಹಾಳಾದರೆ ಆಗಲಿ, ನಡುವೆ ಆ ಬಾಗಿಲು ಇದ್ದೇ ಇರುತ್ತದೆ ಎಂದು ಹಿಂದಿರುಗುವ ಬಸ್ಸಿನಲ್ಲೇ ಮೊದಲ ಪುಟ ತೆರೆದೆ. ರಾಜಕುಮಾರ ಬೇಟೆಗೆ ಹೊರಟಿದ್ದ. ಅವನ ಕುದುರೆ, ಅವನ ಖಡ್ಗ, ಅವನ ಮೀಸೆ. ಹುಕ್ಕೇರಿ ಬಂದರೂ ಹುಡುಗಿ ಬರಲಿಲ್ಲ. ಮನೆಯಲ್ಲಿ ಕಾಕಾನ ಹೆಂಡತಿ ಚಿಗವ್ವ ಊಟಕ್ಕೆ ಕರೆಯುತ್ತಿದ್ದಳು, ನಾನು ಪುಟ ಮಗುಚುತ್ತಿದ್ದೆ. ಅಂತೂ ರಾಜಕುಮಾರ ದಾರಿ ತಪ್ಪಿ ಗುಡ್ಡದೊಳಗೆ ಬಂದಾಗ ಅವಳು ಸಿಕ್ಕಳು. ಬಾಗಿಲಿಗೆ ಕೈ ಹಚ್ಚಿದ ಕೂಡಲೇ ಮೂರ್ಛೆ ಹೋಗಿ ಅಲ್ಲೇ ಬಿದ್ದಿದ್ದಳು! ರಾಜಕುಮಾರ ಖಡ್ಗದ ಒಂದೇ ಏಟಿಗೆ ಬಾಗಿಲು ಮುರಿದ. ನೆರಳು ಕೊಡುವ ಮಾತೇ ಯಾರಿಗೂ ನೆನಪಿರಲಿಲ್ಲ, ಬರೆದವನಿಗೂ. ರಾಜಕುಮಾರ ಅರಸನೊಡನೆ ಯುದ್ಧ ಮಾಡುವಾಗ, ಎಚ್ಚೆತ್ತ ಅವಳು ಅವನ ಸೈನಿಕರಿಗೆ ಅಡುಗೆ ಮಾಡಿದಳು. ಹದ್ದಿಗೆ ಕಣ್ಣು ಬಂದು, ಅದು ಶಾಪ ಕಳೆದ ಗಂಧರ್ವನಾಗಿ ಆಕಾಶಕ್ಕೆ ಹಾರಿತು. ಹೋಗುವಾಗ ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಪುಸ್ತಕವನ್ನು ಗೋಡೆಗೆ ಎಸೆಯಬೇಕೆನಿಸಿತು. ವಾಚನಾಲಯದ್ದು, ಎಸೆಯುವ ಹಾಗಿರಲಿಲ್ಲ. ಊಟ ಬೇಡವೆಂದೆ. ಚಿಗವ್ವ ಹಣೆ ಮುಟ್ಟಿ ನೋಡಿ, "ಮೈ ಏನ ಬೆಚ್ಚಗಿಲ್ಲಲ್ಲ," ಎಂದಳು. ಕಥೆ ಕೆಟ್ಟಿದೆ ಎಂದು ಯಾರಿಗೆ ಹೇಳಲಿ? ಇದು ಅರ್ಥವಾಗುವವಳು ಒಬ್ಬಳೇ, ಅವಳು ಮೂಡಲಗಿಯಲ್ಲಿ.

ಕಾಕಾನನ್ನು ಕಾಡಿ ಪುಸ್ತಕವನ್ನು ಊರಿಗೆ ತಂದೆ. ಗೆಳತಿಯ ಅವ್ವ ಮಗಳನ್ನು ನೋಡಿ ಬರಲು ಹೊರಟಾಗ ನಾನೂ ಬೆನ್ನು ಹತ್ತಿದೆ. ಗೆಳತಿ ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡಳು. ಅವಳಿಗೆ ಕೂತು ಓದಲು ಹೊತ್ತೇ ಇರಲಿಲ್ಲ. ಅವಳು ರೊಟ್ಟಿ ಬಡಿದಳು, ನಾನು ಒಲೆಯ ಪಕ್ಕ ಕೂತು ಓದಿದೆ. ಅತ್ತೆ ಕರೆದಾಗ ಎದ್ದು ಹೋಗುವಳು, ಮತ್ತೆ ಬಂದು, "ಹೂಂ, ಮುಂದ," ಎನ್ನುವಳು. ಎರಡು ದಿನ ಹೀಗೇ ನಡೆಯಿತು. ಬಾಗಿಲು ಮುರಿಯುವಲ್ಲಿ ಅವಳು ಸಿಡಿದೇಳುತ್ತಾಳೆಂದು ಕಾದೆ. ಅವಳು ರೊಟ್ಟಿ ತಿರುವಿ ಹಾಕಿದಳು. ಮದುವೆಯೂ ಆಯಿತು. ಪುಸ್ತಕ ಮುಚ್ಚಿದೆ.

"ಛಲೋ ಆತಲ್ಲ," ಎಂದಳು. "ಪಾಪ, ಗುಡ್ಡಾ ಗವಿ ತಿರುಗೂದ ತಪ್ತು. ಒಂದ ಮನಿ ಅಂತ ಆತು."

"ಅಲ್ಲಾ, ಹದ್ದಿಗಿ ಎಲ್ಲಾ ಹೇಳಿಟ್ಟ ಹೋಗತಾಳ ಅಂದಿದ್ದೆಲ್ಲ ನೀನು! ಅದೆಷ್ಟ ಛಂದ ಇತ್ತ!"

"ನಾ ಹಂಗ ಅಂದಿದ್ನೇನ?" ಅವಳು ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. ಆಮೇಲೆ ನಕ್ಕಳು. "ಏನೇನರ ಮಾತಾಡತಿದ್ವಿ ಬಿಡು ಆವಾಗ."

ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ನನಗೇ ಗೊತ್ತಾಗಲಿಲ್ಲ. ಅವಳ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಬೆಳಗಿನಿಂದ ನಿಂತೇ ಇದ್ದಳು, ಮುಖ ಬಾಡಿತ್ತು, ಆದರೂ ನನಗೆಂದು ತಟ್ಟೆಗೆ ಇನ್ನಷ್ಟು ತುಪ್ಪ ಹಾಕಿದಳು. ನಾನು ತಲೆ ತಗ್ಗಿಸಿ ಉಂಡೆ.

ಮುಂದಿನ ವಾರ ಕಾಕಾ ನಮ್ಮ ಮನೆಗೆ ಬಂದವರು ಪುಸ್ತಕ ತೆಗೆದುಕೊಂಡರು. "ಹೆಂಗಿತ್ತ ತಂಗಿ?" ಎಂದು ಕೇಳಿದರು. ತಡೆಯಲಾರದೆ ಎಲ್ಲವನ್ನೂ ಹೇಳಿದೆ: ಮೂರ್ಛೆ, ಖಡ್ಗ, ಅಡುಗೆ, ಉಪದೇಶ. ಹೇಳುತ್ತ ಹೇಳುತ್ತ ಅಳುವೇ ಬಂತು. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಸಮಾಧಾನದಿಂದ ಕೇಳಿದರು.

"ಆದ್ರ ವಾಚನಾಲಯದಾಗ ಎಲ್ಲಾರೂ ಅದನ್ನಽ ಕೇಳಾಕತ್ತಾರ ನೋಡು," ಎಂದರು. "ಮೊದಲನೇ ಭಾಗಕ್ಕಿಂತ ಇದು ಭಾಳ ಛಲೋ ಐತಿ ಅಂತ."