ಕೆಳಗಿನಿಂದ ಬೆಳಕು ಬಿದ್ದ ಲಕ್ಷ್ಮಿ

ಕುರ್ಲಾದ ಚಿತ್ರದ ಪ್ರೆಸ್ಸಿನಲ್ಲಿ ಕೊರಗಪ್ಪ ಬಣ್ಣ ಅರೆಯುತ್ತಿದ್ದ. ಅದಕ್ಕೂ ಮೊದಲು ಸಯನ್ನಿನ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ. ತೊಳೆದದ್ದಕ್ಕಿಂತ ಗಿರಾಕಿಗಳ ಮುಖವನ್ನು ಬಿಲ್ಲಿನ ಹಿಂದೆ ಗೀಚಿದ್ದೇ ಹೆಚ್ಚೆಂದು ಅಲ್ಲಿನವರು ಅವನನ್ನು ಸಂತೋಷದಿಂದಲೇ ಬಿಟ್ಟುಕೊಟ್ಟಿದ್ದರು. ೧೯೫೪ರ ದೀಪಾವಳಿ ಹತ್ತಿರವಾದಾಗ ಪ್ರೆಸ್ಸಿನ ಕಲಾವಿದ ಕಾಯಿಲೆ ಬಿದ್ದ. ಧಾರವಾಡದಿಂದ ಬಂದು ಕುರ್ಲಾದಲ್ಲೇ ಬಟ್ಟೆ ಅಂಗಡಿ ಇಟ್ಟಿದ್ದ ಕಾಶಪ್ಪನಿಗೆ ಗಿರಾಕಿಗಳಿಗೆ ಹಂಚಲು ಲಕ್ಷ್ಮಿಯ ಕ್ಯಾಲೆಂಡರ್ ಆಗಬೇಕಿತ್ತು.

"ನೀನೇ ಬರಿ ಮಾರಾಯ," ಎಂದ ಪ್ರೆಸ್ಸಿನ ಮಾಲೀಕ ಪೂವಪ್ಪ. "ಅವರು ಒಪ್ಪಿದರೆ ನಿನಗೆ ಕುಂಚ. ಇಲ್ಲದಿದ್ದರೆ ಪುನಃ ಲೋಟ."

ಕೊರಗಪ್ಪ ಉಡುಪಿ ಕಡೆಯವನು. ಅವನ ಕಣ್ಣಿಗೆ ಮುಖ ಎಂದರೆ ಬಯಲಾಟದ ಮುಖ: ಗದ್ದದ ಕೆಳಗೆ ದೀವಟಿಗೆ ಹಿಡಿದಾಗ ಹುಬ್ಬು ಮೇಲೆದ್ದು, ಕಣ್ಣು ಕೆಂಡವಾಗಿ, ಮುಂದೆ ಕುಳಿತ ಮಕ್ಕಳು ತಾಯಿಯ ಸೆರಗು ಹುಡುಕುವಂಥ ಮುಖ. ದೇವಿಗೆ ಅದಕ್ಕಿಂತ ಕಡಿಮೆ ಗತ್ತು ಕೊಡುವುದುಂಟೇ? ತಾವರೆಯ ಬುಡದಲ್ಲಿ ಸಾಲು ದೀಪ ಹಚ್ಚಿ, ಬೆಳಕನ್ನೆಲ್ಲ ಕೆಳಗಿನಿಂದ ಮೇಲಕ್ಕೆ ಹಾಯಿಸಿದ.

ತನ್ನ ಮನೆಯ ಪಡಸಾಲೆಯಲ್ಲಿ ಬಿಚ್ಚಿದ ಚಿತ್ರ ಕಂಡು ಕಾಶಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ಏನೋ ತಮ್ಮಾ, ಈಕಿ ವರಾ ಕೊಡಾಕ ಬಂದಾಳೋ, ನುಂಗಾಕ ಬಂದಾಳೋ?"

"ಕೆಳಗಿಂದ ಬೆಳಕು ಬಿದ್ದರೇ ಅಲ್ವಾ ಸಾವ್ಕಾರ್ರೆ, ಮುಖಕ್ಕೆ ಗತ್ತು ಬರುವುದು?"

"ಗತ್ತೇನೋ ಬಂದೇತಿ. ತಾವರಿ ಕಸಗೊಂಡು ಕತ್ತಿ ಕೊಟ್ರ ಮುಗೀತು. ಸೀರಿ ನೋಡಾಕ ಬಂದವ್ರು ಹೊಳ್ಳಿ ಓಡ್ತಾರ. ಬ್ಯಾಡಪಾ."

ಕೊರಗಪ್ಪ ಚಿತ್ರ ಸುತ್ತತೊಡಗಿದ. ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದವಳು ಕಾಶಪ್ಪನ ಹೆಂಡತಿ ಚಂದ್ರವ್ವ.

"ಯಪ್ಪಾ, ನಿಮ್ಮವ್ವ ಸಂಜಿಗೆ ನಿನಗ ಉಣ್ಣಾಕ ನೀಡುವಾಗ ದೀಪ ಎಲ್ಲಿರತಿತ್ತು?"

"ಗೋಡೆಯ ಮೊಳೆಯಲ್ಲಿ, ಅಮ್ಮ. ಅವಳ ಕೆನ್ನೆಯ ಹತ್ತಿರ."

"ಆಕಿ ಮಾರಿ ನೋಡಿ ಅಂಜತಿದ್ದೇನು?"

"ಇಲ್ಲ ಅಮ್ಮ. ಇನ್ನೊಂದು ತುತ್ತು ಉಣ್ಣುವ ಅನಿಸುತ್ತಿತ್ತು."

"ಮತ್ತ? ಹಂಗ ಬರಿ, ಹೋಗು. ಇವರು ನಾಡಿದ್ದಿನ ತನಕಾ ಕಾಯ್ತಾರ."

ಕಾಶಪ್ಪ ಬಾಯಿ ತೆರೆದ. ಊರಿಗೆಲ್ಲ ಚೌಕಾಸಿ ಕಲಿಸಿದವನಿಗೆ ಅದು ಎಲ್ಲಿ ನಡೆಯುವುದಿಲ್ಲವೆಂಬುದೂ ಗೊತ್ತಿತ್ತು. ಮುಚ್ಚಿದ.

ಕೊರಗಪ್ಪ ಅವೇ ಗೆರೆಗಳನ್ನು ಹೊಸ ಕಾಗದಕ್ಕೆ ಇಳಿಸಿಕೊಂಡ. ಬುಡದ ದೀಪಗಳನ್ನೆಲ್ಲ ಬಿಟ್ಟು, ದೇವಿಯ ಮುಖದ ಮಟ್ಟಕ್ಕೆ ಪಕ್ಕದಲ್ಲಿ ಒಂದೇ ದೀಪ ಇಟ್ಟ. ಒಂದು ಕೆನ್ನೆಗೆ ಅರಿಸಿನದ ಬಿಸುಪು. ಇನ್ನೊಂದಕ್ಕೆ ಕಪ್ಪು ಬಳಿಯಲು ಹೋದವನು ಕೈ ತಡೆದು ತೆಳುವಾದ ಕಂದು ಸವರಿದ. ಕಣ್ಣು, ಮೂಗು, ತುಟಿ ಯಾವುದೂ ಬದಲಾಗಲಿಲ್ಲ. ಆದರೂ ಈಗ ಅಲ್ಲಿದ್ದವಳು "ಉಂಡೆಯಾ ಮಗಾ?" ಎಂದು ಕೇಳುವವಳು.

ಕಾಶಪ್ಪ ಹೊಸ ಚಿತ್ರವನ್ನು ಗೋಡೆಗೆ ಆನಿಸಿ ಅದರ ಮುಂದೆ ಕುಳಿತ.

"ಇನ್ನ ಈಕಿ ಮುಂದ ಕುಂತು ಗಿರಾಕಿ ಮ್ಯಾಲ ಸಿಟ್ಟು ಮಾಡೂದು ಹ್ಯಾಂಗೋ? ನನ್ನ ವ್ಯಾಪಾರ ಕೆಡಿಸಿದಿ! ಛಾಪಿಸು."

ಪೂವಪ್ಪ ಮಾತು ಉಳಿಸಿಕೊಂಡ. ಅಚ್ಚಾದ ಮೊದಲ ಹಾಳೆಯನ್ನು ಕೊರಗಪ್ಪ ಅಂಗಡಿಗೆ ಒಯ್ಯದೆ ನೇರ ಚಂದ್ರವ್ವನ ಅಡುಗೆಮನೆಗೆ ಒಯ್ದ. ಮುಂದೆ ಎಷ್ಟೋ ದೀಪಾವಳಿ ಹಾಗೆಯೇ ಮಾಡಿದ. ಆ ಮೊದಲ ಸಲ ಮಾತ್ರ ಹಾಳೆ ಕೈಗಿತ್ತು ಆಕೆಯ ಕಾಲಿಗೆ ಬಾಗಿದ.

"ಕಾಲಿಗೆ ಆಮ್ಯಾಲ ಬೀಳುವಂತಿ. ಮೊದಲ ಆ ರೊಟ್ಟಿ ಹೊಳ್ಳಿಸು, ಹೊತ್ತಾಕ ಹತ್ತೇತಿ!"

ಪ್ರೆಸ್ಸಿನ ಹೊಸ ಕಲಾವಿದ ಕಣ್ಣೊರೆಸಿಕೊಳ್ಳುತ್ತ, ಬೆರಳು ಸುಟ್ಟುಕೊಂಡು, ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದ.