ಕಡಲಿಗಿಳಿದ ತಂಬಿಗೆ

ನಮ್ಮ ಮನೆದೇವರು ಮಲ್ಲಯ್ಯನ ಒಕ್ಕಲಾದ ನಿಮಗೆಲ್ಲ, ವಾಡಿ ಸ್ಟೇಷನ್ನಿನಲ್ಲಿ ತಂತಿಯ ಮೇಲೆ ಸುದ್ದಿ ಕಳಿಸುವ ತಾರಿನ ಕೆಲಸ ಮಾಡುವ ಸಿದ್ರಾಮಪ್ಪನ ಶರಣು. ನನ್ನ ತಮ್ಮ ಚನ್ನಪ್ಪನನ್ನು ಸಮುದ್ರದ ಬಾಯಿಂದ ಮಲ್ಲಯ್ಯ ತಿರುಗಿ ಕೊಟ್ಟದ್ದನ್ನು ಹೇಳದಿದ್ದರೆ ಉಂಡ ಅನ್ನ ನನ್ನ ಮೈಗೆ ಹತ್ತುವುದಿಲ್ಲ.

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಸುಗ್ಗಿ ಕಳೆದಿದ್ದವು. ಶಹಾಬಾದದ ಸಾವಕಾರರೊಬ್ಬರು ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿದ ಹಾಯಿಹಡಗನ್ನು ಮುಂಬಯಿಯಿಂದ ಆಫ್ರಿಕಕ್ಕೆ ಕಳಿಸುವವರಿದ್ದರು. ತಾರು ಕಲಿತ ಚನ್ನಪ್ಪ ಅದರ ವೈರ್‌ಲೆಸ್ ನೋಡಿಕೊಳ್ಳಲು ಒಪ್ಪಿಬಿಟ್ಟ. ಯಂತ್ರ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮುಂಬಯಿಗೆಂದು ಸುಲೇಪೇಟೆಯಲ್ಲಿ ಬಸ್ಸು ಹತ್ತುವಾಗ ಅವ್ವ ತನ್ನ ಪೂಜೆಯ ತಾಮ್ರದ ತಂಬಿಗೆಯನ್ನು ನನ್ನ ಕೈಗಿಟ್ಟಳು.

“ಸುದ್ದಿ ಹತ್ತದ ಹಡಗಿನ್ಯಾಗ ಅವನ್ನ ಬಿಟ್ಟು ಬರಬ್ಯಾಡ ಸಿದ್ದಾ,” ಅಂದಳು. ಹ್ಞೂಂ ಅಂದೆ.

ನಾವು ಒಣ ನೆಲದವರು. ನಮ್ಮ ಕಡೆ ತಾರಿನ ಒಂದು ತಂತಿ ಕಂಬದ ಮೇಲೆ, ಇನ್ನೊಂದು ನೆಲದ ಗುಣಿಯೊಳಗೆ. ವಾಡಿಯ ಕಲ್ಲುನೆಲ ಒಣಗಿ ಸುದ್ದಿ ನಿಲ್ಲಬಾರದೆಂದು ಆ ಗುಣಿಗೆ ದಿನಾ ಉಪ್ಪುನೀರು ಹೊಯ್ಯುತ್ತೇವೆ. ಹಡಗಿನಲ್ಲಿ ನೆಲ ಎಲ್ಲಿಂದ ತರುವುದು? ಅದಕ್ಕೇ ನಮ್ಮ ಹೊಲದ ಎರೆಮಣ್ಣನ್ನು ಡಬ್ಬಿ ತುಂಬ ಒಯ್ದಿದ್ದೆ! ಒಂದು ತಂತಿಯನ್ನು ಹಾಯಿಯ ಕಂಬಕ್ಕೇರಿಸಿ, ಇನ್ನೊಂದನ್ನು ಡಬ್ಬಿಯ ಮಣ್ಣಿನಲ್ಲಿ ಹೂತೆ. ಖಲಾಸಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಯಂತ್ರ ಮಾತಾಡಿದ್ದರೆ ನಾನೂ ನಗುತ್ತಿದ್ದೆ. ಚನ್ನಪ್ಪ ಕೈ ನೋಯುವತನಕ ಸುದ್ದಿ ಕಳಿಸುವ ಕೀಲಿ ಬಡಿದ. ಎದುರಿಗೇ ಕಾಣುವ ಬಂದರಿನ ಕಚೇರಿಯಿಂದ ಉತ್ತರವಿಲ್ಲ. ನಾನು ಡಬ್ಬಿಗೆ ನೀರು ಹೊಯ್ದು ಹೊಯ್ದು ಕೆಸರು ಮಾಡಿದೆ, ಅಷ್ಟೇ.

ಹಡಗು ಬಿಡುವ ಬೆಳಗು ಬಂದೇಬಿಟ್ಟಿತು.

“ಇಳಿದು ಬಾರೋ, ಊರಿಗೆ ಹೋಗೋಣು,” ಅಂದೆ.

“ಮಾತು ಕೊಟ್ಟೀನಿ ಅಣ್ಣಾ. ಇದು ನಡೀಲಿ, ಬಿಡಲಿ, ನಾ ಹೋಗಾಂವ,” ಅಂದು ಮತ್ತೆ ಕೀಲಿ ಬಡಿಯತೊಡಗಿದ.

ಅವ್ವನಿಗೆ ಯಾವ ಮುಖ ತೋರಿಸಲಿ ಅಂತ ಅಳು ಬಂತು. “ಮಲ್ಲಯ್ಯಾ, ನನ್ನ ಕೈ ಸೋತಾವು. ಇನ್ನ ನೀನ ಕೈ ಹಚ್ಚು,” ಅಂದೆ. ಲಿಂಗಪೂಜೆ ಇನ್ನೂ ಆಗಿರಲಿಲ್ಲ. ಮೊದಲು ಕೈಕಾಲು ತೊಳೆಯೋಣವೆಂದರೆ ಸಮುದ್ರದ ನೀರು ಸೇದಲು ಹಗ್ಗವಿಲ್ಲ. ಡಬ್ಬಿಯೊಳಗಿನ ತಂತಿಯನ್ನೇ ಕಿತ್ತು, ಅವ್ವನ ತಂಬಿಗೆಯ ಕೊರಳಿಗೆ ಬಿಗಿದು ಕೆಳಗೆ ಬಿಟ್ಟೆ. ಆ ತಂತಿಯ ಇನ್ನೊಂದು ತುದಿ ಯಂತ್ರದಲ್ಲೇ ಇತ್ತು. ತಂಬಿಗೆ ಮುಳುಗಿತು.

“ಅಣ್ಣಾ! ಬಂದರಿನವರು ಮಾತಾಡಾಕತ್ತಾರ!” ಚನ್ನಪ್ಪ ಚೀರಿದ. “ಏನ ಮಾಡಿದಿ?”

“ನಾ ಏನೂ ಮಾಡಿಲ್ಲೋ.”

ಅದು ಖರೆ. ಊರಲ್ಲಿ ಗುಣಿಗೆ ಹೊಯ್ಯುವ ಉಪ್ಪುನೀರೇ ಹಡಗಿನ ಸುತ್ತ ಕಣ್ಣು ಹಾಯುವತನಕ ತುಂಬಿತ್ತು, ನನಗೆ ಕಂಡಿರಲಿಲ್ಲ; ತಂಬಿಗೆ ಮುಳುಗಿದ್ದೇ ಕಡಲೇ ಯಂತ್ರಕ್ಕೆ ನೆಲವಾಗಿತ್ತು. ತಂಬಿಗೆಯನ್ನು ನೀರಲ್ಲೇ ಬಿಟ್ಟು ನಾನೊಬ್ಬನೇ ಇಳಿದೆ.

ನಡುಗಡಲಲ್ಲಿ ಬಿರುಗಾಳಿಗೆ ಹಡಗಿನ ತಳ ಬಿರಿಯಿತು. ಚನ್ನಪ್ಪನ ಕರೆ ಒಂದು ಉಗಿಹಡಗಿಗೆ ಕೇಳಿಸಿತು. ಕಲ್ಲೆಲ್ಲ ಸಮುದ್ರದ ಪಾಲಾಯಿತು, ಜೀವಗಳೆಲ್ಲ ಉಳಿದವು. ಅವನು ಮನೆಗೆ ತಂದದ್ದು ಆ ತಂಬಿಗೆಯೊಂದನ್ನೇ, ಅದೂ ಹಸಿರು ಕಿಲುಬು ಹಿಡಿದದ್ದು.

ನನ್ನ ಹೆಂಡತಿ ಹುಣಸೆಹಣ್ಣು ಹಚ್ಚಿ ತಿಕ್ಕಲು ಕುಳಿತಳು. ಅವ್ವ ಕಸಿದುಕೊಂಡಳು.

“ತಿಕ್ಕಬ್ಯಾಡವಾ. ಅದರ ಮ್ಯಾಲ ಮಲ್ಲಯ್ಯನ ಕೈ ಐತಿ.”

ಅದು ಇಂದಿಗೂ ನಮ್ಮ ದೇವರ ಜಗಲಿಯ ಮೇಲೆ ಹಸಿರಾಗಿಯೇ ಇದೆ. ನಾನು ದಿನಾ ಅದಕ್ಕೆ ಹಣೆ ಹಚ್ಚಿಯೇ ಕೆಲಸಕ್ಕೆ ಹೋಗುತ್ತೇನೆ.