ಹಿಮಾಲಯದಿಂದ ತಂದ ತೀರ್ಥ

ಬೂಟು ಬಿಚ್ಚಲೂ ಬಿಡದೆ ಸೋದರತ್ತೆ ನನ್ನ ಕಾಲಿಗೆ ಬಿಂದಿಗೆ ನೀರು ಸುರಿದರು. ಗೆಳೆಯರ ಜೊತೆ ಹಿಮಾಲಯದ ಹಿಮನದಿಯವರೆಗೆ ದಿನಗಟ್ಟಲೆ ನಡೆದು ಆಗಷ್ಟೇ ದಾವಣಗೆರೆಗೆ ಬಂದಿಳಿದಿದ್ದೆ. ಪಾದದ ತುಂಬ ಬೊಬ್ಬೆ, ಮುಖದ ತುಂಬ ರೈಲಿನ ಮಸಿ. ನೆರೆಹೊರೆಯವರು ಸಾಲುಗಟ್ಟಿ ಕಾಲಿಗೆ ಬೀಳುತ್ತಿದ್ದರು. ಇದು ಯಾತ್ರೆಯಲ್ಲ, ಬರೀ ನಡಿಗೆ ಎಂದು ಗಂಟಲು ಹರಿದುಕೊಂಡರೂ ಕೇಳುವವರಿಲ್ಲ. ಅತ್ತೆ ನನ್ನ ಚೀಲದಿಂದ ನೀರಿನ ಬಾಟಲಿ ತೆಗೆದು, ಗಂಗೆಯೆಂದು ಎಲ್ಲರ ಅಂಗೈಗೂ ತೀರ್ಥ ಹಾಕತೊಡಗಿದರು.

“ಅತ್ತೆ, ಅದು ಹರಿಹರ ಸ್ಟೇಷನ್ನಿನ ನಲ್ಲಿ ನೀರು!” ಎಂದು ಕೂಗಿದೆ.

ಅತ್ತೆಯ ಕೈ ನಿಲ್ಲಲಿಲ್ಲ. “ಹಂಗಾರೆ ತುಂಗಭದ್ರೆ ಆತು. ಇದನ್ನ ತರಾಕೆ ಅಷ್ಟು ದೂರ ಯಾಕ ಹೋಗಿದ್ಯೋ?”

ಹಿಮನದಿ ಹೇಗಿತ್ತೆಂದು ಅವತ್ತು ಒಬ್ಬರೂ ಕೇಳಲಿಲ್ಲ. ಹಿಮದಲ್ಲೂ ನೆನೆಯದ ನನ್ನ ಬೂಟು ನಮ್ಮ ಮನೆಯ ಹೊಸ್ತಿಲಲ್ಲಿ ನೆಂದು ಹಾಳಾಯಿತು.